ಮೂಡಿಗೆರೆಯ ಸೆಂಟು, ಸಿಯೆರಾದ ಇಂಚು

ಮೂಡಿಗೆರೆಯ ನಮ್ಮ ತೋಟದ ಮನೆಯಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಕಾಫಿ ಬೆಳೆಗಾರರ ಲೆಕ್ಕವೆಲ್ಲ ಇಂಚು, ಸೆಂಟಿನಲ್ಲಿ. ನೂರು ಸೆಂಟು ಸೇರಿದರೆ ಒಂದು ಇಂಚು. ಅಜ್ಜ ಬೆಳಗಿನ ಕಾಫಿಗೂ ಮೊದಲು ಅಂಗಳದ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಡೈರಿಗೆ ಬರೆಯುತ್ತಿದ್ದರು. ಹೂಮಳೆ ತೊಂಬತ್ತೆರಡು ಸೆಂಟು ಬಿದ್ದ ದಿನ ಪಕ್ಕದ ತೋಟದವರು ‘ಒಂದಿಂಚು ಎಂದೇ ಬರೆಯಿರಿ’ ಎಂದರೆ ಅಜ್ಜನಿಗೆ ರೇಗುತ್ತಿತ್ತು.

ಈಗ ನಾನು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಹಿಮ ಅಳೆಯುತ್ತೇನೆ. ಇಲ್ಲಿಯೂ ಇಂಚೇ. ಆ ರಾಜ್ಯದ ನೀರಿನಲ್ಲಿ ಹೆಚ್ಚುಕಡಿಮೆ ಶೇಕಡಾ 30ರಷ್ಟು ಈ ಹಿಮ ಕರಗಿ ಬರುವಂಥದ್ದು. ಬೇಸಿಗೆಯಲ್ಲಿ ಜಲಾಶಯಕ್ಕೆ ಎಷ್ಟು ನೀರು ಇಳಿಯುತ್ತದೆ ಎಂಬುದನ್ನು ಏಪ್ರಿಲ್ 1ರ ಆಸುಪಾಸಿನ ಅಳತೆ ನೋಡಿ ಅಂದಾಜು ಮಾಡುತ್ತಾರೆ.

ಊರಿನವರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಅಡಿ ಹಿಮ ಬಿತ್ತು? ಅದು ಉಪಯೋಗಕ್ಕೆ ಬಾರದ ಪ್ರಶ್ನೆ. ಹೊಸದಾಗಿ ಬಿದ್ದ ಹಿಮ ಹತ್ತಿಯಂತೆ; ಹತ್ತು ಇಂಚು ಕರಗಿಸಿದರೆ ಒಂದು ಇಂಚು ನೀರು ಸಿಕ್ಕೀತು. ಚಳಿಗಾಲವೆಲ್ಲ ಅದುಮಿಕೊಂಡು ಕುಳಿತ ಮಾರ್ಚ್ ಹಿಮದಲ್ಲಿ ಅದೇ ಹತ್ತು ಇಂಚಿಗೆ ನಾಲ್ಕು ಇಂಚು ನೀರು. ಆದ್ದರಿಂದ ಹಿಮವನ್ನು ತೂಗಬೇಕು. ಇದನ್ನು ಇಲ್ಲಿ ರೂಢಿಗೆ ತಂದವರು ಜೇಮ್ಸ್ ಚರ್ಚ್, ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಪ್ರಾಧ್ಯಾಪಕರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೌಂಟ್ ರೋಸ್ ಹತ್ತಿ ಹಿಮ ತೂಗುವ ಕೊಳವೆಯನ್ನು ರೂಪಿಸಿದರು. ಎಂಜಿನಿಯರುಗಳಿಗೆ ಹೊಳೆಯದ್ದು ಲ್ಯಾಟಿನ್ ಮೇಷ್ಟ್ರಿಗೆ ಹೊಳೆಯಿತಲ್ಲ ಎಂದು ನನಗೆ ಈಗಲೂ ಖುಷಿ.

ನಮ್ಮ ಅಲ್ಯೂಮಿನಿಯಂ ಕೊಳವೆ ಅದರ ವಂಶದ್ದೇ. ಮೂವತ್ತು ಇಂಚಿನ ತುಂಡುಗಳನ್ನು ತಿರುಗಿಸಿ ಜೋಡಿಸುತ್ತೇವೆ. ತುದಿಯಲ್ಲಿ ಗರಗಸದಂಥ ಹಲ್ಲುಗಳು. ಹಲ್ಲಿನ ಬಾಯಿಯ ಒಳವ್ಯಾಸ 1.485 ಇಂಚು. ಈ ವಿಚಿತ್ರ ಸಂಖ್ಯೆಯಲ್ಲೇ ಜಾಣತನವಿದೆ: ಅಷ್ಟು ಅಗಲದ ಬಾಯಿಯಲ್ಲಿ ಹಿಡಿದ ಹಿಮ ಒಂದು ಔನ್ಸ್ ತೂಗಿದರೆ ಒಂದು ಇಂಚು ನೀರು. ಬೆರಳು ಮರಗಟ್ಟಿರುವಾಗ ಗುಣಾಕಾರ ಮಾಡಬೇಕಾಗಿಲ್ಲ.

ನಾನು ಅಳೆಯುವ ಸಾಲಿನಲ್ಲಿ ಹತ್ತು ಬಿಂದುಗಳಿವೆ. ಖಾಲಿ ಕೊಳವೆಯನ್ನು ಮೊದಲು ತೂಗುತ್ತೇನೆ. ಆಮೇಲೆ ನೆಟ್ಟಗೆ ಹಿಡಿದು, ಹಿಡಿಕೆ ತಿರುಗಿಸುತ್ತಾ ನೆಲ ಮುಟ್ಟುವವರೆಗೆ ಇಳಿಸುತ್ತೇನೆ. ನಡುವೆ ಮಂಜುಗಡ್ಡೆಯ ಪದರ ಸಿಕ್ಕಿದರೆ ಕೈಗೆ ತಿಳಿಯುತ್ತದೆ. ತಡೆದು, ಕರಕ್ ಎಂದು ಬಿಡುತ್ತದೆ. ಮೇಲೆತ್ತಿದಾಗ ಬಾಯಲ್ಲಿ ಒಂದಿಷ್ಟು ಮಣ್ಣು, ಪೈನ್ ಮರದ ಸೂಜಿ ಎಲೆ ಇರಬೇಕು. ಇಲ್ಲದಿದ್ದರೆ ತಳದ ಹಿಮ ಜಾರಿಹೋಗಿದೆ ಎಂದರ್ಥ. ಆ ಮಣ್ಣನ್ನು ಚಾಕುವಿನಿಂದ ಕೆರೆದು ತೆಗೆದು, ಅದರ ಉದ್ದವನ್ನು ಆಳದಿಂದ ಕಳೆಯುತ್ತೇನೆ. ಆಮೇಲೆ ತೂಕ. ಆಳ 84 ಇಂಚು, ನೀರು 33 ಇಂಚು ಬಂದರೆ ಸಾಂದ್ರತೆ ಶೇಕಡಾ 39. ಎಲ್ಲವೂ ಪೆನ್ಸಿಲಿನಲ್ಲಿ, ಪೆನ್ನಿನ ಶಾಯಿ ಆ ಚಳಿಗೆ ಇಳಿಯುವುದಿಲ್ಲ.

ಮೊದಲ ವರ್ಷ ಒಂದು ಎಡವಟ್ಟು ಮಾಡಿದೆ. ಒಂಬತ್ತು ಬಿಂದುಗಳಲ್ಲಿ ಸಾಂದ್ರತೆ 38ರಿಂದ 40. ಮೊದಲನೆಯದರಲ್ಲಿ ಮಾತ್ರ 27. ಹಾಗೆಯೇ ಬರೆದುಕೊಂಡು ಗಾಡಿಗೆ ಮರಳಿದೆ. ಜೊತೆಗಿದ್ದ ಹಿರಿಯರು ಪುಸ್ತಕ ನೋಡಿ, ‘ಕೊಳವೆ ಎಲ್ಲಿತ್ತು?’ ಎಂದರು. ‘ಗಾಡಿಯೊಳಗೆ.’ ‘ಹೀಟರ್ ಹಾಕಿದ್ದೆಯಾ?’ ಅಷ್ಟರಲ್ಲೇ ಅರ್ಥವಾಯಿತು. ಬೆಚ್ಚಗಿನ ಲೋಹಕ್ಕೆ ಹಿಮ ತಾಗಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಗಂಟಲು ಕಟ್ಟಿದೆ. ಆಮೇಲಿನ ಹಿಮವನ್ನು ಕೊಳವೆ ನುಂಗದೆ ಪಕ್ಕಕ್ಕೆ ತಳ್ಳಿಕೊಂಡು ಇಳಿದಿದೆ. ‘ನಾಳೆ ಸರಿಪಡಿಸೋಣವೇ?’ ಎಂದೆ. ಅವರು ಆಗಲೇ ಸ್ಕೀ ಕಟ್ಟಿಕೊಳ್ಳುತ್ತಿದ್ದರು. ಇಬ್ಬರೂ ತಲೆದೀಪದ ಬೆಳಕಿನಲ್ಲಿ ಮತ್ತೆ ಅಳೆದೆವು. ಈಗ ನಾನು ಕೊಳವೆಗೆ ಮೇಣ ಸವರಿ, ಅರ್ಧ ಗಂಟೆ ನೆರಳಿನಲ್ಲಿ ಹಿಮದ ಮೇಲೆ ಮಲಗಿಸಿ, ಆ ಹೊತ್ತಿನಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತೇನೆ.

ಹಿಮದ ದಿಂಬು ಎಂಬ ಯಂತ್ರವೂ ಇದೆ. ಹೆಪ್ಪುಗಟ್ಟದ ದ್ರವ ತುಂಬಿದ ಚಪ್ಪಟೆ ಚೀಲದ ಮೇಲೆ ಹಿಮ ಕೂರುತ್ತದೆ, ಒತ್ತಡದಿಂದ ತೂಕ ತಿಳಿಯುತ್ತದೆ, ರೇಡಿಯೋ ಮೂಲಕ ಕಚೇರಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಗಟ್ಟಿ ಪದರವೊಂದು ಸೇತುವೆಯಂತೆ ನಿಂತು ಭಾರ ಹೊತ್ತುಬಿಟ್ಟರೆ ದಿಂಬಿಗೆ ಗೊತ್ತಾಗುವುದಿಲ್ಲ. ಮಳೆಮಾಪಕದ ಶತ್ರು ಗಾಳಿ: ಹಗುರವಾದ ಹಿಮ ಬಾಯಿಯ ಮೇಲಿಂದ ಹಾರಿಹೋಗುತ್ತದೆ. ಅದಕ್ಕೇ ಸುತ್ತ ತಗಡಿನ ಪಟ್ಟಿಗಳ ಬೇಲಿ ತೂಗುಬಿಡುತ್ತಾರೆ. ಮಲೆನಾಡಿನ ಅಂಗಳದಲ್ಲಿ ನೆಟ್ಟಗೆ ಸುರಿವ ಮಳೆಗೆ ಇಂಥ ಉಪಚಾರ ಬೇಕಾಗಿರಲಿಲ್ಲ.

ನಮ್ಮ ಕೊಳವೆಯೂ ಹರಿಶ್ಚಂದ್ರನಲ್ಲ. ಗಟ್ಟಿ ಹಿಮದಲ್ಲಿ ನಿಜಕ್ಕಿಂತ ಕೊಂಚ ಹೆಚ್ಚೇ ಹೇಳುತ್ತದೆ. ಹಾಗೆಂದು ಬದಲಿಸಿದರೆ ಹಳೆಯ ದಾಖಲೆಯೊಂದಿಗೆ ಹೋಲಿಸುವುದು ಕಷ್ಟ. ಕ್ಯಾಲಿಫೋರ್ನಿಯಾದ ಹಿಮ ಸಮೀಕ್ಷೆ ಶುರುವಾದದ್ದು 1929ರಲ್ಲಿ. ತಪ್ಪಿದರೂ ಪ್ರತಿ ವರ್ಷ ಒಂದೇ ರೀತಿ ತಪ್ಪಲಿ ಎಂಬುದು ನನ್ನ ಪಕ್ಷ. ಹಿಮವಿಲ್ಲದ ತಿಂಗಳಲ್ಲಿ ಕೈಗರಗಸ ಹಿಡಿದು ಸಾಲಿನ ಸುತ್ತ ಎದ್ದ ಸಸಿಗಳನ್ನು ಸವರುವುದೂ ಇದಕ್ಕೇ. ಮರ ಬೆಳೆದು ಹಿಮ ತಡೆದರೆ ಬಿಂದು ಅದೇ ಆದರೂ ಜಾಗ ಬೇರೆಯಾಯಿತು.

2023ರ ಏಪ್ರಿಲ್‌ನಲ್ಲಿ ಟಾಹೋ ಸರೋವರದ ದಕ್ಷಿಣದ ಫಿಲಿಪ್ಸ್ ಸ್ಟೇಷನ್‌ನಲ್ಲಿ 126.5 ಇಂಚು ಹಿಮ, ಅದರಲ್ಲಿ 54 ಇಂಚು ನೀರು ಸಿಕ್ಕಿತು. ಅದೇ ಜಾಗ 2015ರ ಏಪ್ರಿಲ್ 1ರಂದು ಬರೀ ಒಣಹುಲ್ಲು. ರಾಜ್ಯದ ಒಟ್ಟು ಹಿಮ ವಾಡಿಕೆಯ ಶೇಕಡಾ 5. ಆ ವಾರ ನನ್ನ ಸಾಲಿನಲ್ಲೂ ಹಿಮವಿರಲಿಲ್ಲ. ಆದರೂ ಕೊಳವೆ ಹೊತ್ತು ಹೋದೆ, ಹತ್ತೂ ಬಿಂದುಗಳಲ್ಲಿ ನಿಂತೆ, ಹತ್ತು ಸಲ ಸೊನ್ನೆ ಬರೆದೆ. ಗೆರೆ ಎಳೆದು ಬಿಟ್ಟರೆ ಅಳೆಯಲು ಯಾರೂ ಬಂದಿರಲಿಲ್ಲ ಎಂದಾಗುತ್ತದೆ.