ಹಳೇ ಸ್ನೇಹಿತರು ಭಾನುವಾರ ಊಟಕ್ಕೆ ಬರ್ತಾರೆಂದರೆ ಶುಕ್ರವಾರ ರಾತ್ರಿ ಹುರುಳಿಕಾಳು ನೆನೆಹಾಕಿ

ಮಂಡ್ಯ ಸೀಮೆಯ ಹಳ್ಳಿಮನೆಗೆ ಬಹಳ ದಿನದ ಮೇಲೆ ಸ್ನೇಹಿತರು ಬರುತ್ತಿದ್ದಾರೆ, ಭಾನುವಾರ ಮಧ್ಯಾಹ್ನದ ಊಟಕ್ಕೆ ಅಂತಿಟ್ಟುಕೊಳ್ಳಿ. ಎಲ್ಲವನ್ನೂ ಆವತ್ತಿನ ಬೆಳಿಗ್ಗೆಗೆ ಬಿಟ್ಟರೆ ಅವರು ಜಗಲಿ ಮೇಲೆ ಒಬ್ಬರೇ ಕೂತಿರುತ್ತಾರೆ, ನೀವು ಒಲೆ ಮುಂದೆ ಹೊಗೆ ಕುಡಿಯುತ್ತಿರುತ್ತೀರಿ. ನೆನೆಯುವುದು, ಮೊಳೆಯುವುದು, ಒಣಗುವುದು, ಹೆಪ್ಪಾಗುವುದು, ಇವಕ್ಕೆಲ್ಲ ಕೈಗಿಂತ ಹೊತ್ತು ಜಾಸ್ತಿ ಬೇಕು. ಅವನ್ನು ಮೊದಲು ಹಚ್ಚಿಬಿಡಿ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಉಪ್ಸಾರು. ನಾಲ್ಕು ಜನಕ್ಕೆ ಕಾಲು ಕೆ.ಜಿ. ಕಾಳು ಸಾಕು. ಮನೆಯಲ್ಲಿ ಬೆಳೆದ ಕಾಳಾದರೆ ಕಣದ ಕಲ್ಲು, ಮಣ್ಣಿನ ಹೆಂಟೆ ಇದ್ದೇ ಇರುತ್ತದೆ. ಮೊರದಲ್ಲಿ ಕೇರಿ, ಎರಡು ಸಲ ನೀರಲ್ಲಿ ಜಾಲಿಸಿ, ಶುಕ್ರವಾರ ಮಲಗುವ ಮುಂಚೆ ನೆನೆಹಾಕಿ. ಶನಿವಾರ ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೇಲೊಂದು ಭಾರ ಇಡಿ. ಬಸಿಯುವಾಗ ಆತುರಪಟ್ಟು ತಳದಲ್ಲಿ ನೀರು ನಿಲ್ಲಿಸಿದಿರೋ, ಸಂಜೆಗೆ ಗಂಟು ಬಿಚ್ಚಿದರೆ ಹುಳಿವಾಸನೆ, ಕೈಗೆ ಲೋಳೆ. ಚಳಿಗಾಲವಾದರೆ ಗಂಟನ್ನು ಒಲೆ ಪಕ್ಕ ಇಡಿ. ಭಾನುವಾರ ಬೆಳಿಗ್ಗೆ ಅರ್ಧ ಬೆರಳುಗಿಣ್ಣಿನಷ್ಟು ಮೊಳಕೆ ಬಂದಿದ್ದರೆ ಸರಿ. ಅದಕ್ಕಿಂತ ಉದ್ದ ಬಿಟ್ಟರೆ ಕಾಳಿನ ರುಚಿ ಹೋಗುತ್ತದೆ.

ಶನಿವಾರ ಬೆಳಿಗ್ಗೆಯೇ ಚಾಪೆ, ಕಂಬಳಿ, ದಿಂಬನ್ನು ಬಿಸಿಲಿಗೆ ಹಾಕಿ. ಮಧ್ಯಾಹ್ನ ಒಂದು ಸಲ ಮಗುಚಿ, ಸಂಜೆ ಇಬ್ಬನಿ ಬೀಳುವ ಮುಂಚೆ ಒದರಿ ಒಳಗೆ ತನ್ನಿ.

ಮಣ್ಣಂಗಳವಿದ್ದರೆ ಶನಿವಾರ ಮೂರು ಗಂಟೆ ಹೊತ್ತಿಗೆ ಸಾರಿಸಬೇಕು. ಮೊದಲು ಕಸ ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿ. ಒಣನೆಲದ ಮೇಲೆ ಸಾರಿಸಿದರೆ ಸಗಣಿ ನೆಲ ಹಿಡಿಯದೆ ಮಾರನೇ ದಿನಕ್ಕೆ ಹಕ್ಕಳೆಯಾಗಿ ಏಳುತ್ತದೆ. ಸಗಣಿ ಅವತ್ತಿನದೇ ಇರಲಿ. ಬರೀ ಕಬ್ಬಿನ ಸೋಗೆ ಮೇದ ಹಸುವಿನದಾದರೆ ನಾರು ಜಾಸ್ತಿ, ಕೈಯಲ್ಲಿ ಹಿಸುಕಿ ನಾರು ತೆಗೆಯಿರಿ. ಸಾರು ಹದಕ್ಕಿಂತ ತುಸು ಗಟ್ಟಿ ಕಲಸಿಕೊಂಡು, ಮೋಟು ಪೊರಕೆಯಲ್ಲಿ ಅರ್ಧ ಚಂದ್ರದ ಹಾಗೆ ಎಳೆಯುತ್ತಾ ಹಿಂದಹಿಂದಕ್ಕೆ ಸರಿಯಿರಿ. ದಪ್ಪ ಹಾಕಿದರೆ ಚೆಂದ ಅನ್ನೋದು ತಪ್ಪು, ದಪ್ಪಗಾದರೆ ಬಿರುಕು ಬಿಡುತ್ತದೆ. ಒಣಗುವ ತನಕ ಕೋಳಿಗಳನ್ನು ಮಂಕರಿಯಡಿ ಮುಚ್ಚಿ, ಇಲ್ಲದಿದ್ದರೆ ಕೆದಕಿ ಹಾಳುಮಾಡುತ್ತವೆ. ಸಿಮೆಂಟ್ ಅಂಗಳದವರಿಗೆ ಈ ತಾಪತ್ರಯವಿಲ್ಲ, ನಲ್ಲಿ ನೀರು ಬಂದಾಗ ತೊಳೆದು ತೊಟ್ಟಿ ತುಂಬಿಸಿಕೊಂಡರಾಯಿತು.

ಸಂಜೆ ಹಾಲು ಕರೆದ ಮೇಲೆ ಪೂರ್ತಿ ಡೇರಿಗೆ ಅಳೆದುಬಿಡಬೇಡಿ. ಒಂದೂವರೆ ಲೀಟರ್ ಮನೆಗಿಟ್ಟುಕೊಳ್ಳಿ. ಒಂದು ಲೀಟರ್ ಕಾಯಿಸಿ, ಬೆರಳದ್ದಿದರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಒಂದು ಚಮಚ ಹೆಪ್ಪು ಹಾಕಿ. ಬಿಸಿಗೆ ಹಾಕಿದರೆ ಹಾಲು ಒಡೆದು ನೀರು ಬಿಡುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಬೆಳಿಗ್ಗೆಗೂ ಹಾಲಾಗಿಯೇ ಇರುತ್ತದೆ. ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡಬೇಕಾದ್ದು ಈ ಮೊಸರಿನ ನೀರುಮಜ್ಜಿಗೆ. ಕಾಫಿ ಆಮೇಲೆ. ತಿಂಡಿ ಜಾಸ್ತಿ ಮಾಡಬೇಡಿ, ಮದ್ದೂರಿನ ಮೇಲೆ ಬರುವವರು ವಡೆ ಕಟ್ಟಿಸಿಕೊಂಡೇ ಬರುತ್ತಾರೆ.

ಬಸ್ಸಿನ ವಿಷಯ ಹಿಂದಿನ ರಾತ್ರಿಯೇ ಹೇಳಿಬಿಡಿ. 2023ರಲ್ಲಿ ದಶಪಥ ರಸ್ತೆ ಶುರುವಾದ ಮೇಲೆ ಮೈಸೂರು–ಬೆಂಗಳೂರು ತಡೆರಹಿತ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ‘ಮಂಡ್ಯ ಸ್ಟ್ಯಾಂಡಿಗೆ ಹೋಗುತ್ತಾ?’ ಅಂತ ಕೇಳಿಯೇ ಹತ್ತಲಿ.

ಭಾನುವಾರ ಕೊಟ್ಟಿಗೆ ಕೆಲಸ ಎಂಟರೊಳಗೆ ಮುಗಿಯಲಿ. ಗಂಜಲ ಬಳಿದು, ಸಗಣಿ ತಿಪ್ಪೆಗೆ ಹಾಕಿ, ಒಣಹುಲ್ಲು ಹಾಕಿಬಿಡಿ. ಸಂಜೆ ಸ್ನೇಹಿತರು ಹಾಲು ಕರೆಯೋದು ನೋಡ್ತೀನಿ ಅಂದರೆ ದೂರದಲ್ಲೇ ಕೂರಿಸಿ. ಹೊಸಬರನ್ನು ಕಂಡು ಬೆದರಿದ ಹಸು ಸೊರೆ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲಿಳಿಸುವುದಿಲ್ಲ.

ಇನ್ನು ಉಪ್ಸಾರು. ಮೊಳಕೆಕಾಳಿಗೆ ಎರಡು ಲೀಟರ್ ನೀರು ಹಾಕಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ನುರಿಯುವ ಹಾಗಾದಾಗ ಉಪ್ಪು ಹಾಕಿ, ಎರಡು ಕುದಿ ಬರಿಸಿ, ಕಟ್ಟು ಬಸಿದುಕೊಳ್ಳಿ, ಅದೇ ಸಾರು. ಕಾಳಿಗೆ ಈರುಳ್ಳಿ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಖಾರಕ್ಕೆ ಕೆಂಡದ ಮೇಲೆ ಸುಟ್ಟ ಹತ್ತು ಒಣಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಅಡಿಕೆ ಗಾತ್ರದ ಹುಣಸೆಹಣ್ಣು, ಉಪ್ಪು. ಒರಳಲ್ಲಿ ಗಟ್ಟಿಯಾಗಿ ಅರೆಯಿರಿ. ನೀರು ಹೆಚ್ಚಾದರೆ ಖಾರ ತಟ್ಟೆಯ ಅಂಚಲ್ಲಿ ನಿಲ್ಲದೆ ಹರಿಯುತ್ತದೆ, ಬೇಗ ಹಳಸುತ್ತದೆ. ಖಾರವನ್ನು ಸಾರಿಗೆ ಬೆರೆಸಬೇಡಿ. ಪಟ್ಟಣ ಸೇರಿದವರ ನಾಲಿಗೆ ಹೇಗಾಗಿದೆಯೋ, ಎಷ್ಟು ಬೇಕೋ ಅವರೇ ಕಲಸಿಕೊಳ್ಳಲಿ.

ಹಿಟ್ಟು, ಅಂದರೆ ನಮ್ಮ ಕಡೆ ಮುದ್ದೆ, ಅವರು ಕೈಕಾಲು ತೊಳೆದು ಕೂತ ಮೇಲೇ. ಎಸರು ಮಾತ್ರ ಮುಂಚೆ ಇಟ್ಟಿರಿ. ಕಾಲು ಲೀಟರಿನ ಲೋಟದಲ್ಲಿ ನಾಲ್ಕು ಲೋಟ ನೀರಿಗೆ ಎರಡು ಲೋಟ ರಾಗಿಹಿಟ್ಟು, ಒಳ್ಳೇ ಗಾತ್ರದ ನಾಲ್ಕು ಮುದ್ದೆಯಾಗುತ್ತದೆ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಡಿ. ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿಂದ ಮಧ್ಯಕ್ಕೊಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಹಚ್ಚದೆ ಬಿಡಿ. ಗಂಟಾಗುವುದು ಇಲ್ಲೇ: ಹಿಟ್ಟು ಬೇಯುವ ಮುಂಚೆ ಕಲಕಿದರೆ ಹೊರಗಡೆ ಅಂಟಾಗಿ ಒಳಗೆ ಒಣಹಿಟ್ಟು ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಇಳಿಸಿ, ಪಾತ್ರೆಯನ್ನು ಕಾಲಡಿಯ ಕವೆಗೋಲಿಂದ ಅದುಮಿ ಹಿಡಿದು, ಅಂಚಿಗೆ ಒತ್ತಿ ಒತ್ತಿ ತೊಳಸಿ. ಒಂದೊಂದು ಹಿಟ್ಟು ಒಂದೊಂದು ಥರ ನೀರು ಕುಡಿಯುತ್ತದೆ, ಅದಕ್ಕೆ ಅರ್ಧ ಲೋಟ ಬಿಸಿನೀರು ಪಕ್ಕದಲ್ಲಿರಲಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಮತ್ತೆರಡು ನಿಮಿಷ ಮುಚ್ಚಿ ಹಬೆಯಲ್ಲಿಟ್ಟು, ಒದ್ದೆ ಮಣೆ ಮೇಲೆ ಕಟ್ಟಿ ಬಿಸಿಯಾಗಿಯೇ ತಟ್ಟೆಗೆ ಹಾಕಿ.

ಒಂದು ಮುದ್ದೆ ಮಿಕ್ಕರೆ ಎಸೆಯಬೇಡಿ. ರಾತ್ರಿ ತಣ್ಣೀರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಆ ನೀರು ಚೆಲ್ಲಿ, ಮಜ್ಜಿಗೆಯಲ್ಲಿ ಕಿವುಚಿ ಉಪ್ಪು, ಹಸಿ ಈರುಳ್ಳಿ ಹಾಕಿ. ರಾತ್ರಿ ಉಳಿದುಕೊಂಡ ಸ್ನೇಹಿತರು ಇಡ್ಲಿಗಿಂತ ಮೊದಲು ಇದನ್ನೇ ಕೇಳಬಹುದು.