ಹಳೆ ಸೀರೆಗೆ ಹೊಸ ಸೂಜಿ

ಹಳೆ ಬಟ್ಟೆಗಳನ್ನು ಪದರಾಗಿ ಜೋಡಿಸಿ ಕೌದಿ ಹೊಲಿಯುವವರ ಮನೆಯಲ್ಲಿ ಏನೂ ದಂಡವಾಗುವುದಿಲ್ಲ. ಹರಿದ ಇಳಕಲ್ ಸೀರೆ, ಸವೆದ ಧೋತರ, ದರ್ಜಿ ಅಂಗಡಿಯ ಚಿಂದಿ, ಎಲ್ಲಕ್ಕೂ ಒಂದು ಜಾಗ ಸಿಗುತ್ತದೆ. ಈ ಮಿತವ್ಯಯವನ್ನೇ ಸೂಜಿ, ಕತ್ತರಿ, ದಾರಕ್ಕೂ ಹಚ್ಚುತ್ತೇವೆ: ಸೂಜಿ ಮುರಿದರೆ ಮಾತ್ರ ಹೊಸದು. ಅಲ್ಲೇ ಎಡವಟ್ಟಾಗುವುದು. ಬಟ್ಟೆ ಹಳೆಯದಾದಷ್ಟೂ ಸೂಜಿ ಹೊಸದಿರಬೇಕು.

ಚೂಪಾದ ಸೂಜಿ ಎಳೆಗಳನ್ನು ಸರಿಸಿ ನಡುವೆ ಇಳಿಯುತ್ತದೆ. ಮೊಂಡು ಸೂಜಿ ಎಳೆಯನ್ನೇ ಕಡಿಯುತ್ತದೆ. ಹೊಸ ಬಟ್ಟೆ ಅದನ್ನು ಒಂದಿಷ್ಟು ತಾಳಿಕೊಂಡೀತು. 20 ವರ್ಷ ಒಗೆದು ಒಣಗಿಸಿದ ಸೀರೆಯಲ್ಲಿ ಆ ತ್ರಾಣ ಉಳಿದಿರುವುದಿಲ್ಲ. ಹೊಲಿಯುವಾಗ ಏನೂ ಕಾಣುವುದಿಲ್ಲ. ನಾಲ್ಕು ಸಲ ಒಗೆದ ಮೇಲೆ ಹೊಲಿಗೆ ಸಾಲಿನಗುಂಟ ಬಟ್ಟೆ ಬಿಡತೊಡಗುತ್ತದೆ, ಬೈಗುಳ ಮಾತ್ರ ಸೀರೆಗೆ ಬೀಳುತ್ತದೆ.

ಕೈಸೂಜಿಯ ಕೆಲಸ ಎಷ್ಟೆಂದು ಲೆಕ್ಕ ಹಾಕಿ ನೋಡಿ. 4 ಅಡಿ ಅಗಲ, 6 ಅಡಿ ಉದ್ದದ ಕೌದಿ. ಸಾಲಿಗೂ ಸಾಲಿಗೂ 1 ಇಂಚು. ಇಂಚಿಗೆ 3 ಹೊಲಿಗೆ. ಸೂಜಿ ಇಳಿದು ಏಳುವುದು 10,000ಕ್ಕೂ ಹೆಚ್ಚು ಸಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರಂತೆ ಅಂಚಿನಿಂದ ಶುರುಮಾಡಿ ನಡುವಿನವರೆಗೆ ಸುತ್ತುತ್ತಾ ಹೋದರೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ನಾನು ಒಂದು ಕೌದಿಗೆ ಎರಡು ಸೂಜಿ ಇಟ್ಟುಕೊಳ್ಳುತ್ತೇನೆ, ಅರ್ಧಕ್ಕೆ ಬಂದಾಗ ಬದಲಿಸುತ್ತೇನೆ. ಉಗುರನ್ನು ಸೂಜಿಯ ಮೈಮೇಲೆ ತುದಿಯ ಕಡೆಗೆ ಜಾರಿಸಿದಾಗ ಎಲ್ಲೂ ತಡೆಯಬಾರದು. ತಡೆದರೆ ತುದಿ ಮಡಚಿದೆ ಎಂದೇ ಅರ್ಥ. ಬೆವರಿಗೆ ಮೈ ಕಪ್ಪಾಗಿ ಒರಟಾದ ಸೂಜಿಯೂ ಬೇಡ. ಸವೆತ ನಿಧಾನವಾಗಿ ಆಗುವುದರಿಂದ ಕೈ ಅದಕ್ಕೆ ಒಗ್ಗಿಹೋಗುತ್ತದೆ. ಒತ್ತಿ ತಳ್ಳುವುದು, ಹಲ್ಲಿನಿಂದ ಕಚ್ಚಿ ಎಳೆಯುವುದು ಶುರುವಾಯಿತೆಂದರೆ ಸೂಜಿ ಯಾವಾಗಲೋ ಹೋಗಿದೆ.

ಮಷಿನ್ ಸೂಜಿಗೆ ನನ್ನ ಲೆಕ್ಕ ಸುಮಾರು 8 ತಾಸು ಹೊಲಿಗೆ. ಅಂಗಡಿಯಲ್ಲಿ ಕೇಳುವ 14 ನಂಬರ್ ಸೂಜಿ 0.90 ಮಿ.ಮೀ. ದಪ್ಪ, 16 ನಂಬರ್ 1 ಮಿ.ಮೀ. ಎರಡು ಮೂರು ಪದರಿಗೆ 14 ಸಾಕು, ಅದಕ್ಕಿಂತ ದಪ್ಪವಾದರೆ 16. ಕೈಸೂಜಿಯಲ್ಲಿ ಮಾತ್ರ ಇದು ತಿರುಗುಮುರುಗು, ನಂಬರ್ ಏರಿದಷ್ಟೂ ಸೂಜಿ ಸಣ್ಣ. ಮನೆಯ ಮಷಿನ್ನಿಗೆ ಹಿಡಿಯ (ಮಷಿನ್ನಿಗೆ ಸಿಕ್ಕಿಸುವ ಮೇಲಿನ ದಪ್ಪ ಭಾಗದ) ಒಂದು ಬದಿ ಚಪ್ಪಟೆ ಇರುವ ಸೂಜಿ ಬೇಕು; ಉರುಟು ಹಿಡಿಯದ್ದು ಕಾರ್ಖಾನೆ ಮಷಿನ್ನಿನದು. ಹಳೆಯದನ್ನು ತೆಗೆಯುವ ಮೊದಲು ಚಪ್ಪಟೆ ಬದಿ ಯಾವ ಕಡೆಗಿದೆ ನೋಡಿಕೊಂಡು, ಹೊಸದನ್ನೂ ಹಾಗೇ ಪೂರ್ತಿ ಮೇಲಕ್ಕೆ ಒತ್ತಿ ಸ್ಕ್ರೂ ಬಿಗಿಯಬೇಕು. ಸೊಟ್ಟಗಾಗಿದೆಯೇ ಎಂದು ತಿಳಿಯಲು ಚಪ್ಪಟೆ ಬದಿಯನ್ನು ಗಾಜಿನ ಮೇಲಿಟ್ಟು ನೋಡಿ. ಸೂಜಿಗೂ ಗಾಜಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು.

ಸೂಜಿ ಸವೆದಾಗ ನಾವು ಕೈಹಾಕುವುದು ಬೇರೆಲ್ಲೋ. ಹೊಲಿಗೆ ತಪ್ಪಿತೆಂದು ಮೇಲಿನ ದಾರದ ಟೆನ್ಶನ್ ಬಿಗಿ ಮಾಡುತ್ತೇವೆ, ದಾರ ಹರಿಯುತ್ತದೆ. ಅಡಿಯ ದಾರ ಇರುವ ಬಾಬಿನ್ ಕೇಸಿನ ಸ್ಕ್ರೂ ಸಡಿಲಿಸುತ್ತೇವೆ, ಆ ದಾರ ಬಟ್ಟೆಯ ಮೇಲೆ ಎದ್ದು ಬರುತ್ತದೆ. ಕೊನೆಗೆ ಮೂರೂ ಕೆಟ್ಟು ಮಷಿನ್ ರಿಪೇರಿಗೆ ಹೋಗುತ್ತದೆ. ಬಟ್ಟೆಗೆ ತಾಗಿದಾಗ ಟಿಕ್ ಟಿಕ್ ಸದ್ದು, ತಪ್ಪುವ ಹೊಲಿಗೆ, ಪಿಸಿಯುವ ದಾರ, ಇವು ಕಂಡರೆ ಮೊದಲು ಸೂಜಿ ಬದಲಿಸಿ. ಆಮೇಲೆ ದಾರ ಬಿಚ್ಚಿ ಮತ್ತೆ ಪೋಣಿಸಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಕೆಳಗಿನ ಧೂಳು ಬ್ರಷ್‌ನಿಂದ ತೆಗೆಯಿರಿ. ಬಹಳ ಸಲ ಟೆನ್ಶನ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಹತ್ತಿ ದಾರ ಕಿಟಕಿಯ ಬಿಸಿಲಿಗೆ ತ್ರಾಣ ಕಳೆದುಕೊಳ್ಳುತ್ತದೆ. ಒಂದು ಗೇಣು ಬಿಚ್ಚಿ ಎರಡೂ ಕೈಯಲ್ಲಿ ನಿಧಾನ ಎಳೆದಾಗ ಸದ್ದಿಲ್ಲದೆ ಕಿತ್ತುಬಂದರೆ ಆ ಉಂಡೆ ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆ ಹಾಕಲಿಕ್ಕೆ ಮಾತ್ರ. ಮೇಲಿನ ಸುತ್ತು ಹಾಳಾಗಿ ಒಳಗಿನದು ಚೆನ್ನಾಗಿರುವುದೂ ಉಂಟು. ಹತ್ತಿಪ್ಪತ್ತು ಸುತ್ತು ತೆಗೆದು ಇನ್ನೊಮ್ಮೆ ನೋಡಬಹುದು.

ಕತ್ತರಿಯನ್ನು ಎಸೆಯಬೇಕಿಲ್ಲ, ಸಾಣೆ ಹಿಡಿಸಿದರಾಯಿತು. ಇಳಿಜಾರಾಗಿರುವ ಅಂಚಿಗಷ್ಟೇ ಸಾಣೆ. ಒಳಗಿನ ಚಪ್ಪಟೆ ಮುಖ ಉಜ್ಜಿದರೆ ಎರಡು ಅಲಗೂ ಒಂದಕ್ಕೊಂದು ಕೂಡುವುದಿಲ್ಲ. ತೆಳು ಬಟ್ಟೆ ತುದಿಯಲ್ಲಿ ಕತ್ತರಿಸದೆ ಮಡಚಿ ಒಳಗೆ ಸಿಕ್ಕಿಕೊಂಡರೆ ಮೊದಲು ನಡುವಿನ ಸ್ಕ್ರೂ ಬಿಗಿಮಾಡಿ ನೋಡಿ. ಬಟ್ಟೆಯ ಮೇಲೆ ಚಕ್ರದಂತೆ ಓಡಿಸಿ ಕತ್ತರಿಸುವ ಉರುಳು ಬ್ಲೇಡು ಬಳಸುವವರಿಗೆ ಒಂದು ಗುರುತು: 45 ಮಿ.ಮೀ. ಅಡ್ಡಳತೆಯ ಬ್ಲೇಡಿನ ಸುತ್ತಳತೆ ಸುಮಾರು 14 ಸೆಂ.ಮೀ. ಪ್ರತಿ 14 ಸೆಂ.ಮೀ.ಗೆ ಒಂದೆರಡು ಎಳೆ ಕತ್ತರಿಸದೆ ಉಳಿದರೆ ಅಂಚಿನಲ್ಲಿ ಒಂದು ಕಡೆ ಕಚ್ಚು ಬಿದ್ದಿದೆ. ಒತ್ತಿ ಓಡಿಸಿದರೆ ಕೆಳಗಿನ ಚಾಪೆಯೂ ಹಾಳು.

ದೀಪ ಹಚ್ಚಿದ ಮೇಲೆ ಸೂಜಿ ಕೊಡದ ಅಂಗಡಿಗಳು ಹಳ್ಳಿಗಳಲ್ಲಿ ಇನ್ನೂ ಇವೆ, ಆದ್ದರಿಂದ ಒಂದು ಪೊಟ್ಟಣ ಮನೆಯಲ್ಲಿರಲಿ. ತೆಗೆದ ಸೂಜಿಗಳನ್ನು ಮುಚ್ಚಳ ಬಿಗಿಯಾದ ಮಾತ್ರೆ ಡಬ್ಬಿಗೆ ಹಾಕುತ್ತೇನೆ. ಸೂಜಿ ಮುರಿದಾಗ ತುಂಡುಗಳನ್ನು ಜೋಡಿಸಿ ಪೂರ್ತಿ ಉದ್ದ ಬಂತೇ ಎಂದು ನೋಡಬೇಕು. ತುದಿ ಸಿಗದಿದ್ದರೆ ಹೊಲಿಗೆ ಅಲ್ಲೇ ನಿಲ್ಲಿಸಿ, ಕೌದಿಯ ಎರಡೂ ಮಗ್ಗುಲಿಗೆ ಅಯಸ್ಕಾಂತ ಆಡಿಸಿ, ಪದರುಗಳ ನಡುವೆ ಬೆರಳಿಂದ ತಡವಿ ಹುಡುಕಬೇಕು. ಅದರ ಮೇಲೆ ನಾಳೆ ಕೂಸು ಮಲಗುವುದಿದೆ.