ಹಳೇ ಜೋಡು ನಳಿಗೆ ಕೋವಿ ಕೊಳ್ಳುವ ಮೊದಲು ಮರ ಬಿಚ್ಚಿಸಿ ನೋಡಿ

ಕೋಲಾರದ ಕಡೆ ಹಳೇ ಕೋವಿ ವಿಚಾರಿಸಿದರೆ "ಇದು ಕೆಜಿಎಫ್ ದೊರೆಗಳದ್ದು ಸಾರ್, ಅಸಲಿ ಇಂಗ್ಲೆಂಡ್ ಮಾಲು" ಅನ್ನುವವರು ಸಿಗುತ್ತಾರೆ. ಇರಲೂಬಹುದು. 1880ರಿಂದ ಅಲ್ಲಿ ಗಣಿ ನಡೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ವಾ? ಆದರೆ ಸುಮ್ನೆ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ.

ಮೊದಲು ಲೈಸೆನ್ಸ್ ನೋಡಿ. 2019ರ ತಿದ್ದುಪಡಿ ಆದಮೇಲೆ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಕೋವಿ, ನಿಮ್ಮದರಲ್ಲಿ ಜಾಗ ಇದೆಯಾ? ಮಾರುವವರ ಲೈಸೆನ್ಸಿನಲ್ಲಿರುವ ನಂಬರೂ ಕೋವಿ ಮೇಲಿನ ನಂಬರೂ ಒಂದೇ ಆಗಿರಬೇಕು. ನಂಬರ್ ಉಜ್ಜಿ ಹಾಕಿದ್ದರೆ ಮಾತೇ ಬೇಡ, ಎದ್ದು ಬನ್ನಿ. ಅಂಥದ್ದನ್ನು ಮಾರುವುದಕ್ಕೆ ಆಯುಧ ಕಾಯ್ದೆಯಲ್ಲಿ ಅವಕಾಶವೇ ಇಲ್ಲ.

ಆಮೇಲೆ ಕೋವಿ ಮಡಚಿಸಿ, ಎರಡೂ ನಳಿಗೆಯಲ್ಲಿ ತೋಟಾ ಇಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ. ಈಗ ನಳಿಗೆ ಕೆಳಗಿನ ಮುಂದಿನ ಮರ ಬಿಚ್ಚಿಸಿ, ನಳಿಗೆಯನ್ನು ಬೇರೆ ಮಾಡಿಸಿ. ನಿಜ ಗೊತ್ತಾಗುವುದು ಅಲ್ಲೇ. ಮೇಲೆ ಚೆಂದವಾಗಿ ಕೆತ್ತಿದ ಹೆಸರನ್ನು ಯಾರು ಬೇಕಾದರೂ ಕೆತ್ತಿಸಬಹುದು, ಆದರೆ ನಳಿಗೆಯ ಅಡಿಯಲ್ಲಿ, ತೋಟಾ ಕೂರುವ ಜಾಗದ ಹತ್ತಿರ, ಪ್ರೂಫ್ ಹೌಸಿನವರು (ನಳಿಗೆ ಗಟ್ಟಿಯಿದೆಯಾ ಅಂತ ಪರೀಕ್ಷಿಸುವ ಸಂಸ್ಥೆ) ಒತ್ತಿದ ಪುಟ್ಟ ಮುದ್ರೆಗಳಿರುತ್ತವೆ. ಇಂಗ್ಲೆಂಡಿನದಾದರೆ ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಮಿನದು. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಅಂತಿದ್ದರೆ ಅದು ಬೆಲ್ಜಿಯಂನ ಲಿಯೇಜ್. ಇಂಗ್ಲಿಷ್ ಕಂಪನಿಗಳನ್ನು ಹೋಲುವ ಹೆಸರು ಹಾಕಿ ಬೆಲ್ಜಿಯಂನವರು ಬೇಕಾದಷ್ಟು ಕೋವಿ ಮಾರಿದ್ದಾರೆ. ಹಾಗಂತ ಅವು ಕೆಟ್ಟವಲ್ಲ, ಆದರೆ ಇಂಗ್ಲೆಂಡ್ ಕೋವಿಯ ರೇಟು ಕೊಡಬೇಡಿ.

"ನಾಟ್ ಫಾರ್ ಬಾಲ್" (ಒಂಟಿ ಗುಂಡು ಹಾಕಬಾರದು ಅಂತ ಅರ್ಥ) ಅನ್ನುವ ಮುದ್ರೆ ಕಂಡರೆ ಆ ನಳಿಗೆ 1875ರಿಂದ 1887ರ ನಡುವಿನದು. ಮಾರುವವರು 1920ರದ್ದು ಅಂದರೆ ಲೆಕ್ಕ ಕೂಡಲ್ಲ.

ನಳಿಗೆ, ಟ್ರಿಗರ್ ಇರುವ ಕಬ್ಬಿಣದ ಭಾಗ, ಬಿಚ್ಚಿದ ಮರದೊಳಗಿನ ಕಬ್ಬಿಣ, ಈ ಮೂರರಲ್ಲೂ ನಂಬರ್ ಹುಡುಕಿ. ಹೊಂದಿಕೆಯಾಗದಿದ್ದರೆ ಬೇರೆ ಕೋವಿಯ ಭಾಗ ಸೇರಿಸಿರುವ ಸಾಧ್ಯತೆ ಜಾಸ್ತಿ. ಡಮಾಸ್ಕಸ್ ನಳಿಗೆ (ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದದ್ದು) ಅಂತ ಮಾರುವವರು ಹೇಳಿದರೆ ಸುರುಳಿ ಗೆರೆಗಳು ಮರದಡಿಯ ಭಾಗದಲ್ಲೂ ಮುಂದುವರಿದಿರಬೇಕು. ಮೇಲೆ ಮಾತ್ರ ಇದ್ದರೆ ಅನುಮಾನ ಪಡಿ. ಕೆತ್ತನೆಯ ಅಂಚು ಮಸುಕಾಗಿ, ಮುದ್ರೆ ಅರ್ಧ ಅಳಿಸಿ, ಮೈ ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ ಪಾಲಿಶ್ ಹೊಡೆದು ಹೊಸದಾಗಿ ಬಣ್ಣ ಏರಿಸಿದ್ದಾರೆ. ಸ್ಕ್ರೂ ತಲೆಗಳನ್ನೂ ನೋಡಿ, ಕಿತ್ತು ಹೋಗಿದ್ದರೆ ಯಾರೋ ಕೈಗೆ ಸಿಕ್ಕಿದ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿದ್ದಾರೆ.

ನೈಟ್ರೋ ಪ್ರೂಫ್ ಮುದ್ರೆ (ಇವತ್ತಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ ಗುರುತು) ಇಲ್ಲದ ಹಳೇ ನಳಿಗೆಗೆ ಇವತ್ತಿನ ತೋಟಾ ಹಾಕಲೇಬೇಡಿ. ಅಂಥ ನಳಿಗೆ ಕರಿಮದ್ದಿನ ಕಾಲದ್ದು, ಒಡೆದರೆ ಕೈ ಹೋಗುತ್ತದೆ.

ವೆಸ್ಟ್ಲಿ ರಿಚರ್ಡ್ಸ್, ಹಾಲೆಂಡ್ ಅಂಡ್ ಹಾಲೆಂಡ್, ಪರ್ಡಿ ಅಂಥವರ ಕೋವಿಯಾದರೆ ನಂಬರ್ ಕೊಟ್ಟು ಕಂಪನಿಗೇ ಬರೆಯಿರಿ. ಹಳೇ ಲೆಕ್ಕದ ಪುಸ್ತಕಗಳನ್ನು ಅವರು ಇಟ್ಟುಕೊಂಡಿದ್ದಾರೆ. ಲೈಸೆನ್ಸುದಾರರೇ ನೇರವಾಗಿ ಮಾರುವುದಾದರೆ ಡಿಸಿಗೆ ಇಲ್ಲವೇ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಲೇಬೇಕು. ಕಂಪನಿಗೆ ಬರೆಯುವ ಪತ್ರವನ್ನು ಆ 45 ದಿನದೊಳಗೇ ಹಾಕಿಬಿಡಿ, ಉತ್ತರ ಬಂದಮೇಲೆ ರೇಟು ಮಾತಾಡಿ.